ಎಡತುದಿಯ ಹುಡುಗ

ಲೀಡ್ಸ್ ಊರಿನ ಹೆಡಿಂಗ್ಲೀಯ ಬಾಡಿಗೆ ಮನೆಯಲ್ಲಿ ನಾವು ಮೂವರು ಸೇರಿ ಐವರು ಹುಡುಗರನ್ನು ಹಂಚಿಕೊಂಡಿದ್ದೆವು. ಹುಡುಗರೆಂದರೆ ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಪೋಸ್ಟರಿನಲ್ಲಿದ್ದವರು. ಸ್ಪ್ಯಾನಿಷ್‌ನಲ್ಲಿ ಹಾಡುತ್ತ, ಬಿಳಿ ಪ್ಯಾಂಟು ತೊಟ್ಟು ಸಮುದ್ರದ ದಂಡೆಯಲ್ಲಿ ಕುಣಿಯುವ ಒಂದು ಬಾಯ್ ಬ್ಯಾಂಡ್. ಅವರನ್ನು ಮನೆಗೆ ತಂದವಳು ವಿಜಯಪುರದಿಂದ ಬಂದಿದ್ದ ಡಾಕ್ಟರ್ ಗೆಳತಿ. ಆಸ್ಪತ್ರೆಯಲ್ಲಿ ಅವಳ ಜೊತೆಗಿದ್ದ ನರ್ಸ್ ಒಬ್ಬರು ಕೆಲಸ ಮಾಡುತ್ತ ಗುನುಗುತ್ತಿದ್ದ ಹಾಡು ಅವಳ ಮೂಲಕ ನಮ್ಮ ಅಡುಗೆಮನೆಗೆ ಬಂದು ಅಲ್ಲೇ ಉಳಿಯಿತು. ನಡುವೆ ನಿಲ್ಲುವ ಲೀಡರನ್ನೂ ಚೆನ್ನಾಗಿ ಕುಣಿಯುವವನನ್ನೂ ಅವಳು ತೆಗೆದುಕೊಂಡಳು. ಬೆಂಗಳೂರಿನವಳು, ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದವಳು, ಗುಂಪಿನಲ್ಲಿದ್ದ ಅಣ್ಣತಮ್ಮಂದಿರಿಬ್ಬರನ್ನು ಒಟ್ಟಿಗೇ ಇಟ್ಟುಕೊಂಡಳು. ನಾನು ಆ ಮನೆಗೆ ಕೊನೆಯಲ್ಲಿ ಸೇರಿದವಳು. ನನ್ನ ಪಾಲಿಗೆ ಬಂದವನು ಎಡತುದಿಯಲ್ಲಿ ನಿಲ್ಲುವ ಹುಡುಗ.

ಅವನು ಯಾವ ಹಾಡಿನಲ್ಲೂ ಮುಂದೆ ಬರುತ್ತಿರಲಿಲ್ಲ. ಉಳಿದವರು ಸಾಲು ಹಾಡುವಾಗ ಇವನು ಕೆಳಗಿನ ಸ್ವರದಲ್ಲಿ ಒಂದೇ ಅಕ್ಷರವನ್ನು ಉದ್ದಕ್ಕೆ ಹಿಡಿದುಕೊಂಡು ನಿಂತಿರುತ್ತಿದ್ದ. ಕ್ಯಾಮೆರಾ ಅವನ ಮೇಲೆ ಬಂದದ್ದೇ ತಡ, ಅವನ ಕಣ್ಣು ಬೇರೆಲ್ಲೋ ಹೋಗುತ್ತಿತ್ತು. ನನಗೆ ಅವನ ಮೇಲೆ ದೂರುಗಳೇನೂ ಇರಲಿಲ್ಲ.

ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಕೆಲವು ವರ್ಷ ನಾನು ಸಂಗೀತ ಪಾಠಕ್ಕೆ ಹೋಗಿದ್ದೆ. ಟೀಚರ್ ಒಂದು ಸಾಲು ಹಾಡಿದರೆ ನಾವೆಲ್ಲ ಅದನ್ನು ಒಟ್ಟಿಗೆ ತಿರುಗಿ ಹಾಡಬೇಕು. ಸರಿಯಾಗುವ ತನಕ ಅದೇ ಸಾಲು. ಹೆಡಿಂಗ್ಲೀಯಲ್ಲಿ ಸ್ಪ್ಯಾನಿಷ್ ಹಾಡುಗಳನ್ನೂ ನಾವು ಹಾಗೆಯೇ ಕಲಿತೆವು. ನಾನು ಫೋನಿನಲ್ಲಿ ಒಂದು ಸಾಲು ಹಾಕಿ ನಿಲ್ಲಿಸುತ್ತಿದ್ದೆ. ಈರುಳ್ಳಿ ಹೆಚ್ಚುತ್ತಿದ್ದವರೂ ಪಾತ್ರೆ ಉಜ್ಜುತ್ತಿದ್ದವರೂ ಅದನ್ನು ತಿರುಗಿ ಹೇಳುತ್ತಿದ್ದರು. ಕಟ್ಟೆಯ ಮೇಲೆ ಕೈ ತಾಳ ಹಾಕುತ್ತಿತ್ತು. ಅರ್ಥ ಮೂವರಿಗೂ ಗೊತ್ತಿರಲಿಲ್ಲ. ಅದು ನನಗೆ ಹೊಸದೇನೂ ಅಲ್ಲ. ತೆಲುಗು ಕೀರ್ತನೆಗಳನ್ನು ಕಲಿತದ್ದೂ ಅರ್ಥ ಗೊತ್ತಿಲ್ಲದೆಯೇ.

ಒಂದು ಜೂನ್‌ನಲ್ಲಿ ಬೆಂಗಳೂರಿನವಳ ಅಮ್ಮ ನಮ್ಮಲ್ಲಿಗೆ ಬಂದಿದ್ದರು. ಬೆಳಗ್ಗೆ ಎದ್ದು ನೋಡಿದರೆ ಒಳ್ಳೆಯ ಬಿಸಿಲು. ಇಷ್ಟು ಬಿಸಿಲನ್ನು ಸುಮ್ಮನೆ ಹಾಳು ಮಾಡುತ್ತೀರಲ್ಲ ಎಂದು ಅವರು ಸಂಡಿಗೆ ಹಿಟ್ಟು ಬೇಯಿಸಿ, ಹಿತ್ತಲಿನಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಸಂಡಿಗೆ ಇಟ್ಟರು. ಮಧ್ಯಾಹ್ನದ ಹೊತ್ತಿಗೆ ಮೋಡ ಬಂತು, ಹಿಂದೆಯೇ ಮಳೆ. ಸಂಜೆ ನಾವು ಕೆಲಸದಿಂದ ಬಂದಾಗ ಹಿತ್ತಲಿನಲ್ಲಿ ಗಂಜಿ ಹರಿದಿತ್ತು. ಪಕ್ಕದ ಮನೆಯ ಬೆಕ್ಕು ಅದನ್ನು ಮೂಸಿ ನೋಡಿ ಹೊರಟುಹೋಯಿತು. ಆ ದಿನವೇ ನಮ್ಮ ಅಚ್ಚುಮೆಚ್ಚಿನ ಸ್ಪ್ಯಾನಿಷ್ ಹಾಡಿಗೆ ಕನ್ನಡದ ಮಾತು ಹುಟ್ಟಿತು. ಅಮ್ಮನನ್ನು ಸಮಾಧಾನ ಮಾಡಲು ಮೂವರೂ ಒಂದೊಂದು ಸಾಲು ಕಟ್ಟಿದೆವು.

ಬಿಸಿಲೇ ಬಾ, ಬಿಸಿಲೇ ಬಾ,
ಸಂಡಿಗೆ ಇಟ್ಟು ಕೂತಿದ್ದೇವೆ, ಮೋಡ ಸರಿಸಿ ಬಾ.
ಕೋಟು ಬಿಚ್ಚಿ ವರ್ಷವಾಯ್ತು, ಕಾದು ಕಾದು ಸಾಕಾಯ್ತು,
ಬಿಸಿಲೇ ಬಾ.

ಅಮ್ಮ ನಕ್ಕರು. ಮುಂದಿನ ಯುಗಾದಿಗೆ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ನಾವು ಅದನ್ನು ಹಾಡಿದೆವು. ಡಾಕ್ಟರ್ ನಡುವೆ ನಿಂತಳು, ಬೆಂಗಳೂರಿನವಳು ಬಲಕ್ಕೆ, ನಾನು ಎಡಕ್ಕೆ. ಅವರು ಸಂಡಿಗೆಯ ಸಾಲು ಹಾಡುವಾಗ ನಾನು ನನ್ನ ಹುಡುಗನಂತೆ ಕೆಳಗಿನ ಸ್ವರದಲ್ಲಿ ‘ಬಾ’ ಹಿಡಿದು ನಿಂತಿದ್ದೆ. ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಅದರ ವಿಡಿಯೋ ಬಹಳ ದಿನ ಓಡಾಡಿತು. ಅದರಲ್ಲಿ ನನ್ನ ಅರ್ಧ ಭುಜ ಮಾತ್ರ ಕಾಣುತ್ತದೆ. ನನಗೆ ಅಷ್ಟೇ ಸಾಕಾಗಿತ್ತು.

ಆಮೇಲೆ ಒಂದು ಸಂಜೆ ಡಾಕ್ಟರ್ ಕೋಟನ್ನೂ ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಹೊರಗೆ ಅವಳು ನಮ್ಮಂತೆಯೇ ಬೆಂಗಳೂರಿನ ಕನ್ನಡ ಮಾತಾಡುತ್ತಿದ್ದಳು. ಅವಳ ಅಮ್ಮನ ಜೊತೆ ಫೋನಿನಲ್ಲಿ ದಖನಿ ಉರ್ದು. ಸುದ್ದಿ ದೊಡ್ಡದಿದ್ದರೆ ಮಾತ್ರ ವಿಜಯಪುರದ ಕನ್ನಡ ಬರುತ್ತಿತ್ತು.

“ಏ, ನಿನ್ನವ ಮನಿ ಬಿಟ್ಟು ಹೊಂಟಾನಂತ.”

“ಯಾರು?” ಎಂದೆ.

“ಯಾರಂದ್ರ? ಎಷ್ಟು ಮಂದಿ ಇಟ್ಟೀ ನೀ? ಎಡಗಡಿಯವ. ಬ್ಯಾಂಡ್ ಬಿಟ್ಟಾನ. ಇನ್ನ ಮ್ಯಾಲೆ ಒಬ್ಬನ ಹಾಡ್ತಾನಂತ.”

ಬೆಂಗಳೂರಿನವಳು ಸೌಟು ಹಿಡಿದೇ ತಿರುಗಿದಳು. “ಲೀಡರ್ ಹೋಗ್ತಾನೆ ಅಂದ್ರೆ ಒಪ್ಕೋತೀನಿ. ಇವನು ಸೋಲೋ ಏನೇ ಹಾಡ್ತಾನೆ? ಒಂದು ಗಂಟೆ ‘ಊ’ ಅಂತ ನಿಂತಿರ್ತಾನಾ?”

“ಐದು ಜನರಲ್ಲಿ ಶ್ರುತಿ ಸರಿಯಾಗಿರೋದು ಅವನದೊಬ್ಬನದೇ,” ಎಂದೆ.

“ನೋಡಲ್ಲೇ, ಗಂಡನ ಪರ ಹೆಂಗ ಮಾತಾಡ್ತಾಳ,” ಎಂದಳು ಡಾಕ್ಟರ್.

ಬೆಂಗಳೂರಿನವಳು ಪೋಸ್ಟರಿನ ಎಡ ಅಂಚನ್ನು ಹಿಂದಕ್ಕೆ ಮಡಚಿದಳು. ಮನೆ ಬಿಟ್ಟವರಿಗೆ ಫ್ರಿಜ್ ಮೇಲೆ ಜಾಗ ಇಲ್ಲವಂತೆ. ಅವರಿಬ್ಬರೂ ಹೊರಗೆ ಹೋದ ಮೇಲೆ ನಾನು ಅದನ್ನು ಬಿಚ್ಚಿ ಸರಿಮಾಡಿದೆ. ಮರುದಿನ ಮತ್ತೆ ಮಡಚಿತ್ತು. ವಾರಗಟ್ಟಲೆ ಹೀಗೇ ನಡೆದು, ಕೊನೆಗೆ ಅವನ ಕಿವಿಯ ಮೇಲೆ ಒಂದು ಬಿಳಿ ಗೆರೆ ಬಿತ್ತು.

ಒಂದು ವರ್ಷದೊಳಗೆ ನಮ್ಮ ಬ್ಯಾಂಡೂ ಚದುರಿತು. ಬೆಂಗಳೂರಿನವಳ ಕೆಲಸ ಎಡಿನ್‌ಬರೋಗೆ ಹೋಯಿತು, ಅದರ ಹಿಂದೆ ಅವಳು. ಡಾಕ್ಟರಿಗೆ ಮ್ಯಾಂಚೆಸ್ಟರಿನ ವಿಮಾನ ನಿಲ್ದಾಣದ ಹತ್ತಿರ, ವಿದನ್‌ಶಾದ ದೊಡ್ಡ ಆಸ್ಪತ್ರೆಯಲ್ಲಿ ಒಳ್ಳೆಯ ಹುದ್ದೆ ಸಿಕ್ಕಿತು. ಅವಳ ಹೊಸ ಮನೆಯ ಮೇಲೆ ವಿಮಾನಗಳು ಎಷ್ಟು ಕೆಳಗೆ ಹಾರುತ್ತಿದ್ದವೆಂದರೆ ಫೋನಿನಲ್ಲಿ ಮಾತು ನಿಲ್ಲಿಸಿ ಕಾಯಬೇಕಾಗುತ್ತಿತ್ತು. ಹೆಡಿಂಗ್ಲೀಯ ಮನೆಗೆ ಬೇರೆ ಇಬ್ಬರು ಬಂದರು. ಒಳ್ಳೆಯವರೇ, ಆದರೆ ಅಡುಗೆಮನೆಯಲ್ಲಿ ಹಾಡುವವರಲ್ಲ.

ಮತ್ತೆ ಯುಗಾದಿ ಹತ್ತಿರ ಬರುತ್ತಿದ್ದಾಗ ಸಟನ್ ಕೋಲ್ಡ್‌ಫೀಲ್ಡ್ ಎಂಬ ಊರಿನಿಂದ ಫೋನ್ ಬಂತು. ಸಂಘದ ಕಾರ್ಯಕ್ರಮಗಳನ್ನು ನೋಡಿಕೊಳ್ಳುವ ಆಂಟಿ.

“ಬಿಸಿಲೇ ಬಾ ಹಾಡ್ಬೇಕಮ್ಮ ಈ ಸಲ. ನಮ್ಮ ಮೊಮ್ಮಕ್ಕಳು ಕಾರಲ್ಲಿ ಕೂತ್ರೆ ಅದೇ ವಿಡಿಯೋ ಹಾಕು ಅಂತಾರೆ.”

ಉಳಿದಿಬ್ಬರು ಇಲ್ಲವೆಂದೆ. ಒಬ್ಬಳು ಎಡಿನ್‌ಬರೋದಲ್ಲಿ, ಇನ್ನೊಬ್ಬಳಿಗೆ ಆ ದಿನ ಆಸ್ಪತ್ರೆಯಲ್ಲಿ ಡ್ಯೂಟಿ.

“ಇಲ್ದಿದ್ರೇನಂತೆ, ನೀನಿದ್ದೀಯಲ್ಲ. ಒಬ್ಬಳೇ ಹಾಡು.”

“ಯೋಚನೆ ಮಾಡಿ ಹೇಳ್ತೀನಿ ಆಂಟಿ.”

“ಮಾಡು ಮಾಡು. ನೀನು ಇಲ್ಲ ಅಂದ್ರೆ ಆ ಹತ್ತು ನಿಮಿಷ ನಮ್ಮೆಜಮಾನ್ರು ಮಿಮಿಕ್ರಿ ಮಾಡ್ತಾರಂತೆ. ಅದನ್ನೂ ಸ್ವಲ್ಪ ಯೋಚನೆ ಮಾಡು.”

ನಾನು ಅದುವರೆಗೆ ಯಾರ ಮುಂದೆಯೂ ಒಬ್ಬಳೇ ಹಾಡಿರಲಿಲ್ಲ. ಮನೆಗೆ ನೆಂಟರು ಬಂದಾಗ ಒಂದು ಹಾಡು ಹೇಳಮ್ಮ ಎಂದರೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದೆ. ತಪ್ಪಾದೀತೆಂಬ ಭಯ ಅಷ್ಟಿರಲಿಲ್ಲ. ಗುಂಪಿನಲ್ಲಿ ಹಾಡುವಾಗ ದನಿ ಎಲ್ಲರದೂ ಆಗಿರುತ್ತದೆ. ಒಬ್ಬಳೇ ಹಾಡಿದರೆ ಅದು ನನ್ನದೆಂದು ಎಲ್ಲರಿಗೂ ಗೊತ್ತಾಗುತ್ತದೆ. ಅಷ್ಟು ಜನರಿಗೆ ಅದು ಗೊತ್ತಾಗುವುದು ನನಗೆ ಬೇಕಿರಲಿಲ್ಲ. ಹಾಗೆಂದು ಹಾಡುವ ಆಸೆಯೇ ಇರಲಿಲ್ಲವೆಂದರೆ ಅದೂ ಸುಳ್ಳು. ಹಗಲು ಕೆಲಸದಲ್ಲಿ ಪಾದಚಾರಿ ಸೇತುವೆಗಳ ಭಾರದ ಲೆಕ್ಕ ಹಾಕುತ್ತಿರುವಾಗ ಬಾಯಿ ತಾನಾಗಿ ‘ಬಿಸಿಲೇ’ ಎನ್ನುತ್ತಿತ್ತು.

ಹೊಸಬರಿಬ್ಬರೂ ಹೊರಗೆ ಹೋಗಿದ್ದ ಒಂದು ಭಾನುವಾರ ಹಾಡಿ ನೋಡಿದೆ. ಆಗ ನಿಜವಾದ ತೊಂದರೆ ಗೊತ್ತಾಯಿತು. ಆ ಹಾಡನ್ನು ಒಬ್ಬರೇ ಹಾಡಲು ಆಗುವುದಿಲ್ಲ. ಮೊದಲ ಸಾಲಿನ ‘ಬಾ’ ಮುಗಿಯುವ ಮೊದಲೇ ಸಂಡಿಗೆಯ ಸಾಲು ಶುರುವಾಗಬೇಕು. ಅದರ ಕೆಳಗೆ ‘ಬಾ’ ಇದ್ದೇ ಇರಬೇಕು, ಅದರ ಮೇಲೆಯೇ ಆ ಸಾಲು ನಿಲ್ಲುವುದು. ‘ಬಾ’ ಬಿಟ್ಟು ಸಾಲು ಹಾಡಿದರೆ ಕಂಬ ತೆಗೆದ ಸೇತುವೆಯ ಹಾಗೆ ನಡುವೆ ಜೋತುಬೀಳುತ್ತಿತ್ತು. ‘ಬಾ’ ಹಿಡಿದುಕೊಂಡರೆ ಸಾಲು ಹಾಡುವವರಿಲ್ಲ. ಹಿಂದಕ್ಕೂ ಮುಂದಕ್ಕೂ ಓಡಾಡಿ ಉಸಿರು ಕಟ್ಟಿತು. ಮಿಮಿಕ್ರಿಯೇ ವಾಸಿ ಎನ್ನಿಸಿತು.

ಅದೇ ವಾರ ಡಾಕ್ಟರ್ ಫೋನ್ ಮಾಡಿದಳು. “ನಿನ್ನವ ಮ್ಯಾಂಚೆಸ್ಟರಿಗೆ ಬರಾಕತ್ತಾನ. ಟಿಕೆಟ್ ತಗೊಂಡೀನಿ. ಇಲ್ಲ ಅನಬ್ಯಾಡ.” ಒಂದು ವಿಮಾನ ಹೋಯಿತು. “ಒಬ್ಬನ ಹೆಂಗ ಹಾಡ್ತಾನ ನೋಡೇಬಿಡೋಣು.”

ನನಗೂ ನೋಡಬೇಕಾಗಿದ್ದದ್ದು ಅದೇ. ಐವರ ಹಾಡನ್ನು ಒಬ್ಬ ಹೇಗೆ ಹಾಡುತ್ತಾನೆ?

ಆ ಶನಿವಾರ ಲೀಡ್ಸ್‌ನಿಂದ ಹೊರಟ ರೈಲು ದಾರಿಯಲ್ಲಿ ಎಲ್ಲೋ ಕುರಿಗಳ ಪಕ್ಕದಲ್ಲಿ ನಿಂತುಬಿಟ್ಟಿತು. ನಾನು ತಲುಪುವಾಗ ಹಾಲ್ ತುಂಬಿತ್ತು. ಚಿಕ್ಕ ಹಾಲ್, ಕುರ್ಚಿಗಳಿಲ್ಲ, ಎಲ್ಲರೂ ನಿಂತೇ ನೋಡುವುದು. ಹಿಂದಿನಿಂದ ಏನೂ ಕಾಣುವುದಿಲ್ಲವೆಂದುಕೊಳ್ಳುವಷ್ಟರಲ್ಲಿ ಡಾಕ್ಟರ್ ಮುಂದಿನಿಂದ ಕೈ ಬೀಸಿದಳು. ಡ್ಯೂಟಿಯಿಂದ ನೇರವಾಗಿ ಬಂದು, ಬಾಗಿಲು ತೆಗೆದ ಕೂಡಲೇ ಒಳಗೆ ನುಗ್ಗಿ, ವೇದಿಕೆಯ ಮುಂದಿನ ಕಂಬಿಯ ಮೇಲೆ ತನ್ನ ಹಸಿರು ದುಪಟ್ಟಾವನ್ನು ಉದ್ದಕ್ಕೆ ಹಾಸಿದ್ದಳು. ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಹಾಗೆ. ಹಾಸಿ, ಹೊರಗೆ ಹೋಗಿ ಚಹಾ ಕುಡಿದು ಬಂದಿದ್ದಳು. ಅಷ್ಟು ಜನರಲ್ಲಿ ಒಬ್ಬರೂ ಅದನ್ನು ಸರಿಸಿರಲಿಲ್ಲ. ನಾನು ನೋಡುತ್ತಿದ್ದಂತೆಯೇ ಎತ್ತರದ ಒಬ್ಬ ಮನುಷ್ಯ ಅದಕ್ಕೆ ಮೊಣಕೈ ತಾಗಿತೆಂದು ದುಪಟ್ಟಾಗೆ ಸಾರಿ ಹೇಳಿದ.

“ನಡುವ ಸಿಗಲಿಲ್ಲ,” ಎಂದಳು. “ಅಲ್ಲಿ ಅವನ ದೇಶದ ಹುಡುಗ್ಯಾರು ಮೊದಲ ಬಂದು ಧ್ವಜ ಹಾಸ್ಯಾರ. ನಮಗಿಂತ ಜೋರದಾರ.”

ಹೀಗಾಗಿ ನಾವು ನಿಂತದ್ದು ಎಡತುದಿಯಲ್ಲಿ.

ದೀಪ ಆರಿತು. ಗಿಟಾರು, ಡ್ರಮ್ಮು ಶುರುವಾದವು. ವೇದಿಕೆಯ ನಟ್ಟನಡುವೆ ಒಂದು ದುಂಡನೆಯ ಬೆಳಕು ಬಿದ್ದು ಕಾಯತೊಡಗಿತು. ಅವನು ಬಂದ. ಬಿಳಿ ಪ್ಯಾಂಟು ಹೋಗಿ ಸಾಧಾರಣ ಜೀನ್ಸ್ ಬಂದಿತ್ತು. ಬೆಳಕಿನ ಕಡೆಗೆ ಹೋಗದೆ ನೇರವಾಗಿ ನಮ್ಮೆದುರು, ಎಡತುದಿಗೆ ಬಂದು ನಿಂತು ಕತ್ತಲಲ್ಲಿ ಹಾಡಲು ಶುರುಮಾಡಿದ. ಇಷ್ಟು ವರ್ಷ ನಿಂತ ಜಾಗ ಅದು, ಕಾಲು ತಾನಾಗಿ ಅಲ್ಲಿಗೇ ತಂದಿತ್ತು. ನಡುವಿನ ಬೆಳಕು ಬರಿ ಹಲಗೆಯನ್ನು ಬೆಳಗುತ್ತ ಇತ್ತು. ಆಮೇಲೆ ಅದು ಅವನನ್ನು ಹುಡುಕಿಕೊಂಡು ನಿಧಾನವಾಗಿ ಎಡಕ್ಕೆ ಸರಿದು ಬಂತು. ಮುಖಕ್ಕೆ ಬೆಳಕು ಬಿದ್ದಾಗ ಅವನಿಗೆ ಗೊತ್ತಾಯಿತು. ಹಾಡು ನಿಲ್ಲಿಸಿ, ನಡುವಿನ ಖಾಲಿ ಜಾಗ ನೋಡಿ ನಕ್ಕುಬಿಟ್ಟ. ಸ್ಪ್ಯಾನಿಷ್‌ನಲ್ಲಿ ಏನೋ ಹೇಳಿದ, ಧ್ವಜದ ಹುಡುಗಿಯರು ಹೋ ಎಂದು ಕೂಗಿದರು. ಅರ್ಥವಾಗದೆಯೂ ನಾವು ನಕ್ಕೆವು.

ನಡುವಿಗೆ ಹೋದ. ಎರಡನೆಯ ಹಾಡಿನ ಹೊತ್ತಿಗೆ ಮತ್ತೆ ಎಡಕ್ಕೆ ಬಂದಿದ್ದ.

“ನಿನ್ನ ನೋಡಾಕ ಬರ್ತಾನ,” ಎಂದಳು ಡಾಕ್ಟರ್ ನನ್ನ ಕಿವಿಯಲ್ಲಿ.

ಕೊನೆಯಲ್ಲಿ ನಮ್ಮ ಹಾಡು ಬಂತು. ಸ್ಪ್ಯಾನಿಷ್‌ನಲ್ಲಿ ಅದು ಯಾವುದೋ ಹುಡುಗಿಯನ್ನು ಕರೆಯುವ ಹಾಡು, ನಮಗೆ ಮಾತ್ರ ಬಿಸಿಲನ್ನು ಕರೆಯುವ ಹಾಡು. ನಾನು ಕಂಬಿ ಹಿಡಿದುಕೊಂಡೆ. ಮೊದಲ ಸಾಲು ಹಾಡಿದ. ಈಗ ಲೀಡರ್ ಸಾಲು ಬರಬೇಕು. ಅದನ್ನು ಹೇಗೆ ಹಾಡುತ್ತಾನೆ, ಎಲ್ಲಿ ಉಸಿರು ತೆಗೆಯುತ್ತಾನೆ ಎಂದು ಅವನ ಕುತ್ತಿಗೆಯನ್ನೇ ನೋಡುತ್ತಿದ್ದೆ. ಅವನು ಅದನ್ನು ಹಾಡಲೇ ಇಲ್ಲ. ಹಿಂದಿನಿಂದ ಮಾಡುತ್ತಿದ್ದದ್ದನ್ನೇ ಮಾಡಿದ. ಕಣ್ಣು ಮುಚ್ಚಿ ಕೆಳಗಿನ ಸ್ವರವನ್ನು ಉದ್ದಕ್ಕೆ ಹಿಡಿದು ನಿಂತ. ಒಂದು ಕ್ಷಣ ಅದರ ಮೇಲೆ ಏನೂ ಇರಲಿಲ್ಲ. ಆಮೇಲೆ ಹಾಲ್‌ನಲ್ಲಿದ್ದವರೆಲ್ಲ ಲೀಡರ್ ಸಾಲನ್ನು ಎತ್ತಿಕೊಂಡರು. ಅವನು ಮೈಕನ್ನು ಜನರ ಕಡೆ ತಿರುಗಿಸಲೂ ಇಲ್ಲ, ಕೈ ಸನ್ನೆ ಮಾಡಲೂ ಇಲ್ಲ. ಜಾಗ ಬಿಟ್ಟ, ಅಷ್ಟೇ.

ನನ್ನ ಪಕ್ಕದಲ್ಲಿ ಡಾಕ್ಟರ್ ತನ್ನ ಪಾಲಿನ ಸಾಲನ್ನು ಕುಕ್ಕರ್ ಎದುರು ನಿಂತು ಹಾಡುತ್ತಿದ್ದ ಹಾಗೆಯೇ ಗಂಟಲು ಬಿಚ್ಚಿ ಹಾಡುತ್ತಿದ್ದಳು. ನಡುವೆ ತಿರುಗಿ ನನ್ನನ್ನು ನೋಡಿದಳು. ನಾನು ಅವನ ಜೊತೆ ಕೆಳಗಿನ ಸ್ವರ ಹಿಡಿದಿದ್ದೆ. ಜೋರಾಗಿಯೇ ಹಿಡಿದಿದ್ದೆನೆಂದು ಅವಳ ಮುಖ ನೋಡಿ ಗೊತ್ತಾಯಿತು.

ಹೊರಗೆ ಬಂದು ಚಿಪ್ಸ್ ತಿನ್ನುತ್ತ ಸ್ಟೇಷನ್ ಕಡೆ ನಡೆದೆವು. ಅವಳು ದುಪಟ್ಟಾವನ್ನು ಮಫ್ಲರಿನಂತೆ ಸುತ್ತಿಕೊಂಡಿದ್ದಳು.

“ಒಬ್ಬನ ಎಲ್ಲಿ ಹಾಡಿದ? ನಾ ಹಾಡೇನಿ, ನೀ ಹಾಡೀ, ಆ ಧ್ವಜದವರು ಹಾಡ್ಯಾರ. ಟಿಕೆಟಿನ ರೊಕ್ಕ ನಮಗ ಕೊಡಬೇಕಿತ್ತು ಅವ.”

“ಯುಗಾದಿಗೆ ಒಬ್ಬಳೇ ಹಾಡು ಅಂತಿದ್ದಾರೆ ಆಂಟಿ,” ಎಂದೆ. ಅದುವರೆಗೆ ಅವಳಿಗೆ ಹೇಳಿರಲಿಲ್ಲ.

ಅವಳು ನಿಂತಳು. “ಮತ್ತ?”

“ನಿನ್ನ ಸಾಲು ಹಾಡೋಕೆ ಯಾರೂ ಇಲ್ಲ.”

“ಬಿಡು ಅದನ್ನ. ಇವ ಬಿಡಲಿಲ್ಲೇನು? ಮ್ಯೂಸಿಕ್ ಇರತೈತಿ, ಮಂದಿ ಸಂಡಿಗಿ ನೆನಸ್ಕೋತಾರ.” ಒಂದು ಚಿಪ್ ನನ್ನ ಕಡೆ ಚಾಚಿದಳು. “ನೀ ನಿಂದು ಹಾಡು. ನಿಂದು ನಿನಗ ಬರತೈತಲ್ಲ.”

ರೈಲು ಲೀಡ್ಸ್ ತಲುಪುವ ಮೊದಲೇ ಆಂಟಿಗೆ ಸಂದೇಶ ಕಳಿಸಿದೆ. ಹಾಡುತ್ತೇನೆ. ತಕ್ಷಣ ಉತ್ತರ ಬಂತು: ತುಂಬಾ ಸಂತೋಷ, ನಮ್ಮೆಜಮಾನ್ರಿಗೆ ಸ್ವಲ್ಪ ಬೇಜಾರಾಗಿದೆ.

ಯುಗಾದಿ ಕಾರ್ಯಕ್ರಮ ಸಟನ್ ಕೋಲ್ಡ್‌ಫೀಲ್ಡ್‌ನ ಒಂದು ಶಾಲೆಯ ಹಾಲ್‌ನಲ್ಲಿ. ಒಂದು ಗೋಡೆಯ ಪಕ್ಕ ಬಿಸಿಬೇಳೆಬಾತಿನ ಪಾತ್ರೆಗಳು ಟವೆಲ್ ಸುತ್ತಿಕೊಂಡು ಕೂತಿದ್ದವು. ಬೇವು ಬೆಲ್ಲವನ್ನು ಕಾಗದದ ಕಪ್ಪುಗಳಲ್ಲಿ ಹಂಚಿದ್ದರು. ಇಲ್ಲಿ ಬೇವು ಎಲ್ಲಿ ಸಿಕ್ಕಿತೆಂದು ಪ್ರತಿಯೊಬ್ಬರೂ ಕೇಳುತ್ತಿದ್ದರು, ಆಂಟಿ ಹೇಳುತ್ತಿರಲಿಲ್ಲ. ಮುಂದಿನ ಸಾಲಿನ ನೆಲದ ಮೇಲೆ ಮಕ್ಕಳು ಕೂತಿದ್ದರು. ಕನ್ನಡದಲ್ಲಿ ಗದರಿಸಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳು.

ನನ್ನ ಸರದಿ ಬಂತು. ಫೋನಿನಲ್ಲಿ ಹಾಡಿನ ಬರಿ ಗಿಟಾರ್ ಟ್ರ್ಯಾಕ್ ಇತ್ತು. ಮೈಕ್ ಹಿಡಿದು ನಿಂತೆ. ಟ್ರ್ಯಾಕ್ ಶುರುವಾಗುವ ಮೊದಲೇ ಹಿಂದಿನಿಂದ ಆಂಟಿಯ ದನಿ.

“ಮಧ್ಯಕ್ಕೆ ಬಾಮ್ಮ. ವಿಡಿಯೋದಲ್ಲಿ ಬರೀ ಪರದೆ ಬರ್ತಿದೆ.”

ಕೆಳಗೆ ನೋಡಿದರೆ ನಾನು ನಿಂತದ್ದು ವೇದಿಕೆಯ ಎಡತುದಿಯಲ್ಲಿ, ಬಲಕ್ಕೆ ಇಬ್ಬರಿಗೆ ಸಾಕಾಗುವಷ್ಟು ಜಾಗ ಬಿಟ್ಟು. ನಗು ಬಂತು. ನಗುತ್ತಲೇ ನಡುವಿಗೆ ಹೋದೆ. ಮೊದಲ ಸಾಲು ತೊಡಕಿಲ್ಲದೆ ಬಂತು. ಬಿಸಿಲೇ ಬಾ, ಬಿಸಿಲೇ ಬಾ. ಆ ದೊಡ್ಡ ಹಾಲ್‌ನಲ್ಲಿ ನನ್ನ ದನಿ ಒಂದೇ ಇತ್ತು. ಅದು ನನ್ನದೇ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ನನಗೂ.

ಸಂಡಿಗೆಯ ಸಾಲಿನ ಜಾಗ ಬಂತು. ನಾನು ಕೆಳಗಿನ ಸ್ವರದಲ್ಲಿ ‘ಬಾ’ ಹಿಡಿದೆ. ಗಿಟಾರು ಮೇಲೆ ಹೋಗುತ್ತದೆ, ಜನ ಮನಸ್ಸಿನಲ್ಲೇ ಸಾಲು ತುಂಬಿಕೊಳ್ಳುತ್ತಾರೆ ಎಂಬುದು ನನ್ನ ಲೆಕ್ಕ. ಆದರೆ ಫೋನಿನ ಗಿಟಾರಿಗೆ ಅಷ್ಟು ಶಕ್ತಿ ಇರಲಿಲ್ಲ. ‘ಬಾ’ ಒಂದೇ ಹಾಲ್ ತುಂಬ ಸುತ್ತುತ್ತಿತ್ತು. ಯಾರದೋ ಕಾಗದದ ಕಪ್ಪು ಕೆಳಗೆ ಬಿದ್ದ ಸದ್ದು ಕೇಳಿಸಿತು. ಉಸಿರು ಇನ್ನೂ ಇತ್ತು, ಬಿಡಲಿಲ್ಲ.

ಮುಂದೆ ನೆಲದ ಮೇಲೆ ಕೂತಿದ್ದ ಒಬ್ಬ ಹುಡುಗಿ ಶುರುಮಾಡಿದಳು. ಹಲ್ಲು ಬಿದ್ದ ಬಾಯಿ, ಸಂಡಿಗೆ ಎನ್ನುವಲ್ಲಿ ಗಾಳಿ. ಅವಳ ಹಿಂದೆ ಉಳಿದ ಮಕ್ಕಳೆಲ್ಲ. ಸಂಡಿಗೆ ಇಟ್ಟು ಕೂತಿದ್ದೇವೆ, ಮೋಡ ಸರಿಸಿ ಬಾ. ಕಾರಿನಲ್ಲಿ ಕೇಳಿ ಕೇಳಿ ಕಲಿತದ್ದು. ಡಾಕ್ಟರ್ ಎಳೆಯುತ್ತಿದ್ದ ಕಡೆ ಅವಳಂತೆಯೇ ಎಳೆದರು. ಹಿಂದೆ ನಿಂತಿದ್ದ ಅಪ್ಪ ಅಮ್ಮಂದಿರು ಮಾತು ನಿಲ್ಲಿಸಿ ಈ ಕಡೆ ತಿರುಗಿದರು. ಎರಡನೆಯ ಸಲ ಬಂದಾಗ ದೊಡ್ಡವರೂ ಸೇರಿದರು. ಮಿಮಿಕ್ರಿಯ ಅಂಕಲ್ ಕೈ ಎತ್ತಿ ತಾಳ ಹಾಕುತ್ತಿದ್ದರು. ನಾನು ‘ಬಾ’ ಹಿಡಿದು ನಿಂತೆ. ಅದರ ಮೇಲೆ ಅಷ್ಟೂ ಜನ ಇದ್ದರು, ಭಾರವೇ ಇರಲಿಲ್ಲ.

ಊಟಕ್ಕೆ ತಟ್ಟೆ ಹಿಡಿದು ನಿಂತಿದ್ದಾಗ ಡಾಕ್ಟರ್ ಫೋನ್ ಬಂತು. ಆಂಟಿ ಆಗಲೇ ವಿಡಿಯೋ ಕಳಿಸಿದ್ದರು. ಅವಳು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಅದನ್ನು ನೋಡಿದ್ದಳು.

“ನನ್ನ ಸಾಲು ಹಾಡಿದವರು ಯಾರು?”

“ಮಕ್ಕಳು.”

“ನನಗಿಂತ ಚಲೋ ಹಾಡ್ಯಾರ ಬಿಡು.” ಮತ್ತೆ ವಿಡಿಯೋ ಹಾಕಿಕೊಂಡದ್ದು ನನಗೂ ಕೇಳಿಸಿತು, ನನ್ನ ದನಿ ಅವಳ ಫೋನಿನಿಂದ ಸಣ್ಣಗೆ ಬರುತ್ತಿತ್ತು. ನಿಲ್ಲಿಸೆಂದು ನಾನು ಹೇಳಲಿಲ್ಲ. “ಒಂದ್ ಮಾತು. ನಡುವ ನಿಂದ್ರು ಅಂದ್ರ ನಿಂತೀ. ಕಡೀಕ ನೋಡು, ಮತ್ತ ಎಡಕ್ಕ ಹೋಗೀ.”

“ಅವನೂ ಹೋಗಿದ್ದ.”

“ಹಂಗಾದ್ರ ಆಂಟಿಗೆ ಹೇಳು,” ಎಂದಳು, “ಮುಂದಿನ ವರ್ಷ ಕ್ಯಾಮೆರಾ ಎಡಕ್ಕ ಇಡಸ್ರಿ ಅಂತ.”